ಧ್ವನಿವರ್ಧಕವೂ ಸಭಾಭವನವೂ

ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳಿ ಕೇಳುವುದನ್ನು ವಾಚಕರು ಬಲ್ಲರು. ಅಲ್ಲಿ ವಿನೋದವಾಗಿ ತೋರುವ ಶಬ್ದ ಪ್ರತಿಫಲನವೇ ಪಾಠ ಕೇಳುವ ಭವನದಲ್ಲಿ ಕಂಟಕವಾಗಬಲ್ಲದು. ಮೂಲ ಶಬ್ದ ನಿಂತ ಮೇಲೂ ಗೋಡೆ, ನೆಲ, ಮಾಡುಗಳಿಂದ ಪ್ರತಿಫಲಿಸಿ ಉಳಿಯುವ ಶಬ್ದಕ್ಕೆ ಅನುರಣನವೆಂದು ಹೆಸರು. ಅದು 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವೇ ಅನುರಣನ ಕಾಲ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಭವನದಲ್ಲಿ ಮಾತು ಸ್ಪಷ್ಟವಾಗಿ ಕೇಳದಿರಲು, ಅದರ ಪರಿಹಾರವು ವಾಲೆಸ್ ಸಬೈನನ ಪಾಲಿಗೆ ಬಂದಿತು. ಆತನು ಆಸನದ ಮೆತ್ತೆಗಳನ್ನು ತಂದಿರಿಸಿ ಅಳೆದು ಒಂದು ನಿಯಮವನ್ನು ಕಂಡುಕೊಂಡನು: ಭವನದ ಘನಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಶಬ್ದಶೋಷಣೆಯಿಂದ ಭಾಗಿಸಿದರೆ ಅನುರಣನ ಕಾಲವು ಸೆಕೆಂಡುಗಳಲ್ಲಿ ದೊರೆಯುವುದು.

ಈಗ ಗುರುಮಠಕಲ್ಲಿನಲ್ಲಿ 20 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಒಂದು ಶಾಲಾಭವನವಿದೆಯೆಂದು ಊಹಿಸೋಣ. ನೆಲಕ್ಕೆ ಫರಸಿ, ಗೋಡೆಗೆ ಗಾರೆ. ಘನಗಾತ್ರ 1000 ಘನಮೀಟರ್. ಒಳಮೈಯ ವಿಸ್ತೀರ್ಣ 700 ಚದರ ಮೀಟರ್. ಈ ಮೈಯು ಶಬ್ದದ ನೂರಕ್ಕೆ 3 ಪಾಲನ್ನು ಮಾತ್ರ ಹೀರುವುದಾದರೆ, ಶೋಷಣೆ 21 ಚದರ ಮೀಟರ್. ಅನುರಣನ ಕಾಲ ಸುಮಾರು 7.7 ಸೆಕೆಂಡು. ಒಂದು ಅಕ್ಷರದ ಮೇಲೆ ಮುಂದಿನ ಹತ್ತಾರು ಅಕ್ಷರಗಳು ಬಂದು ಬೀಳುತ್ತವೆ. ಆದರೆ 200 ವಿದ್ಯಾರ್ಥಿಗಳು ಕುಳಿತು ತಲಾ 0.4 ಚದರ ಮೀಟರಿನಷ್ಟು ಹೀರಿದರೆ, ಅದೇ ಕಾಲವು 1.6 ಸೆಕೆಂಡಿಗೆ ಇಳಿಯುವುದು. ಬರಿದಾದ ಭವನದಲ್ಲಿ ಮೈಕನ್ನು ಪರೀಕ್ಷಿಸಿ ನಿರ್ಣಯ ಹೇಳುವುದು ಸರಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಮಾತು ಸ್ಪಷ್ಟವಾಗದಿದ್ದರೆ ನಾವು ಸಾಮಾನ್ಯವಾಗಿ ಧ್ವನಿಯನ್ನು ಹೆಚ್ಚಿಸುತ್ತೇವೆ. ಇದರಿಂದ ಪ್ರಯೋಜನವಿಲ್ಲ, ನೇರ ಶಬ್ದದೊಡನೆ ಪ್ರತಿಫಲಿತ ಶಬ್ದವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಮಾಡಬೇಕಾದುದು ಕೇಳುಗರತ್ತ ಹೋಗುವ ನೇರ ಶಬ್ದದ ಪಾಲನ್ನು ಹೆಚ್ಚಿಸುವುದು. ಸಣ್ಣ ಧ್ವನಿವರ್ಧಕಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ತಂಭವು ಈ ಉದ್ದೇಶಕ್ಕಾಗಿಯೇ ಹುಟ್ಟಿದುದು. ಒಂದು ಮೀಟರ್ ಎತ್ತರದ ಸ್ತಂಭವು 1000 ಹರ್ಟ್ಸ್ ಶಬ್ದದ ಸುಮಾರು ಮೂರು ತರಂಗದೂರಗಳಷ್ಟಿರುವುದರಿಂದ, ಶಬ್ದವು ಮೇಲಕ್ಕೂ ಕೆಳಕ್ಕೂ ಹೆಚ್ಚು ಹರಡದೆ, ಅಡ್ಡಕ್ಕೆ ಮಾತ್ರ ಅಗಲವಾಗಿ ಸಾಗುತ್ತದೆ. ಮಾಡಿಗೆ ಬಡಿಯುವುದು ಕಡಿಮೆಯಾಗುತ್ತದೆ. 100 ಹರ್ಟ್ಸಿನ ತಗ್ಗು ಸ್ವರದ ತರಂಗದೂರ ಸುಮಾರು 3.4 ಮೀಟರ್ ಆದುದರಿಂದ ಅದನ್ನು ಈ ಸ್ತಂಭ ಹಿಡಿದಿಡಲಾರದು. ಧ್ವನಿವರ್ಧಕವನ್ನು ಮೂಲೆಗೆ ಒತ್ತಿ ಇರಿಸಿದರೆ ಗೋಡೆಗಳು ತಗ್ಗು ಸ್ವರವನ್ನೇ ಬಲಪಡಿಸಿ ಮಾತನ್ನು ಮಂಕಾಗಿಸುತ್ತವೆ. ಆದುದರಿಂದ ಸ್ತಂಭವನ್ನು ಮೂಲೆಯಿಂದ ದೂರವಿರಿಸಿ, ಕೇಳುಗರ ತಲೆಗಳತ್ತ ತುಸು ಬಾಗಿಸಿ ನಿಲ್ಲಿಸಬೇಕು.

ವಾಚಕರು ತಮ್ಮ ತರಗತಿಯು ಬರಿದಾಗಿರುವಾಗ ಒಮ್ಮೆ, ತುಂಬಿರುವಾಗ ಒಮ್ಮೆ ಚಪ್ಪಾಳೆ ತಟ್ಟಿ ಭೇದವನ್ನು ಗಮನಿಸಲಿ. ಕಡೆಯ ಸಾಲಿನ ವಿದ್ಯಾರ್ಥಿಗೆ ಪಾಠ ತಿಳಿಯದೆ ಹೋದರೆ, ಆತನ ಗಮನವನ್ನು ದೂರುವ ಮೊದಲು ಭವನದ ಗೋಡೆಗಳನ್ನೂ ಒಮ್ಮೆ ವಿಚಾರಿಸುವುದು ನ್ಯಾಯ.