ಒಂದೇ ತಿಂಡಿ, ಎರಡು ಷುಗರ್



ಮೊನ್ನೆ ಬೆಳಗಿನ ರಶ್ ಇಳಿದ ಮೇಲೆ ಹೈದರಾಬಾದಿನ ನಮ್ಮ ಹೋಟೆಲಿನಲ್ಲಿ ಇಬ್ಬರು ಮಾಲೀಕ ಮಿತ್ರರು ಒಟ್ಟಿಗೆ ಇಡ್ಲಿ-ವಡೆ ತಿಂದರು. ಎರಡು ಗಂಟೆ ಬಿಟ್ಟು ಗಲ್ಲಾದ ಪಕ್ಕದಲ್ಲೇ ಮೀಟರಿನಲ್ಲಿ ಷುಗರ್ ನೋಡಿಕೊಂಡರು. ಒಬ್ಬರಿಗೆ 148, ಇನ್ನೊಬ್ಬರಿಗೆ 212. “ನಿಮ್ಮ ಮಾತ್ರೆ ಯಾವುದು ರಾಯರೇ, ನಾನೂ ಅದನ್ನೇ ತಗೋತೇನೆ” ಎಂದು 212ರವರು ಕೇಳಿದಾಗ ನಮಗೆ ಗಾಬರಿಯಾಯಿತು.

ಅವರು ಆಗಷ್ಟೇ ಜಹಾಂಗೀರಿನ ಪಾಕ ಬೆರಳಲ್ಲಿ ನೋಡಿ ಬಂದಿದ್ದರು. ಸೋಪು ಹಾಕಿ ಕೈ ತೊಳೆದು, ಒರೆಸಿ ಮತ್ತೆ ನೋಡಿದರೆ 186. ಬೆರಳಿಗೆ ಅಂಟಿದ ಸಕ್ಕರೆಯೂ ಲೆಕ್ಕಕ್ಕೆ ಸೇರಿತ್ತು! ಮೀಟರಿನಲ್ಲೇ ಶೇ. 15ರವರೆಗೆ ವ್ಯತ್ಯಾಸ ಬರಬಹುದು. ಊಟದ ನಂತರ ಬೆರಳಿನ ರಕ್ತದಲ್ಲಿ ತೋಳಿನ ರಕ್ತಕ್ಕಿಂತ ಷುಗರ್ ಹೆಚ್ಚಿರುವುದೂ ಸಹಜ.

ಉಳಿದ ವ್ಯತ್ಯಾಸ ಮೈಯದು. ತಿಂದ ಸಕ್ಕರೆಯನ್ನು ಹೆಚ್ಚಾಗಿ ಹೀರುವುದು ಸ್ನಾಯು. ಕೊಬ್ಬು, ಅದರಲ್ಲೂ ಹೊಟ್ಟೆಯ ಕೊಬ್ಬು ಹೆಚ್ಚಿದಷ್ಟು ಇನ್ಸುಲಿನ್ನಿನ ಕೆಲಸ ಕುಂಟುತ್ತದೆ. ತಕ್ಕಡಿ ಇದನ್ನು ಹೇಳದು. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿ ಕೊಟ್ಟುಕೊಂಡರು. ಎತ್ತರ-ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ‘ನಾನು ಸಣಕಲ, ನನಗೇನು ಷುಗರ್’ ಎನ್ನುವ ನಮ್ಮವರು ಇದನ್ನು ಎರಡು ಸಲ ಓದಬೇಕು. ನಿದ್ದೆಗೆಟ್ಟು ನಾಲ್ಕು ಗಂಟೆಗೆ ಒಲೆ ಹಚ್ಚಿಸುವ ನಮ್ಮ ದಿನಚರಿಯೂ ಷುಗರನ್ನು ಏರಿಸುತ್ತದೆ.

ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ, ನಿಜ. ಆದರೆ ಅದು ಸುಮಾರು 120 ದಿನ ಬದುಕುವ ಕೆಂಪು ರಕ್ತಕಣದ ಲೆಕ್ಕ. ಕಬ್ಬಿಣಾಂಶದ ಕೊರತೆ ಇದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರಬಹುದು. ಹೆಚ್ಚು ರಕ್ತ ಹೋಗಿದ್ದರೆ ಕಡಿಮೆ. ರಕ್ತಹೀನತೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು ಮಾತ್ರೆಯ ವಿಷಯ. ರಾಯರು ನುಂಗುವುದು ಗ್ಲಿಮಿಪಿರೈಡ್. ಇದನ್ನು ತೆಗೆದುಕೊಂಡು ಮಧ್ಯಾಹ್ನದ ರಶ್ಶಿನಲ್ಲಿ ಊಟ ತಪ್ಪಿದರೆ ಷುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಬೇಗ. ನಮ್ಮಲ್ಲಿ ಮೂರು ಗಂಟೆಗೆ ಮುಂಚೆ ಊಟ ಮಾಡುವ ಮಾಲೀಕರು ಎಷ್ಟು ಮಂದಿ? ಗಲ್ಲಾದಲ್ಲಿ ಕೂತವರಿಗೆ ಕೈ ನಡುಗಿ, ಬೆವರು ಕಿತ್ತು ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ.