ಸಿಬಿಲ್‌ನಲ್ಲಿ ಹಳೇ ಸಾಲ, ಬಾಗಿಲಲ್ಲಿ ವಸೂಲಿಯವರು: ಹಂತ ಹಂತವಾಗಿ ಏನು ಮಾಡಬೇಕು?

ಹೊಳಲ್ಕೆರೆಯಲ್ಲಿ ತೋಟದ ಕೊಳವೆಬಾವಿಗೆಂದು ಬ್ಯಾಂಕಿಗೆ ಹೋಗಿ, ಹಿರಿಯೂರಿನಲ್ಲಿ ಕಂತಿನ ಮೇಲೆ ಬೈಕ್ ಕೇಳಿ, ಅವರು ಮೊದಲು ನೋಡುವುದು ಸಿಬಿಲ್, ಅಂದರೆ ನಿಮ್ಮ ಸಾಲದ ಲೆಕ್ಕ ತೋರಿಸುವ ವರದಿ. "ನಿಮ್ಮ ಹೆಸರಲ್ಲಿ ಹಳೇ ಸಾಲ ತೋರಿಸ್ತಿದೆ" ಎಂದು ಅರ್ಜಿ ವಾಪಸ್ ಬಂದಾಗಲೇ ಎಷ್ಟೋ ಜನರಿಗೆ ವಿಷಯ ಗೊತ್ತಾಗುವುದು. ಅದರ ಜೊತೆಗೇ ವಸೂಲಿಯವರ ಫೋನು ಬಂದರೆ ಕೆಲವರು ಹೆದರಿ ಕೈಗೆ ಸಿಕ್ಕಷ್ಟು ದುಡ್ಡು ಕೊಟ್ಟು ಕಳಿಸುತ್ತಾರೆ, ಕೆಲವರು ಫೋನ್ ಆಫ್ ಮಾಡಿ ಕೂರುತ್ತಾರೆ. ಎರಡರಿಂದಲೂ ವರದಿ ಸರಿಹೋಗುವುದಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ವಸೂಲಿ ಏಜೆನ್ಸಿಯವರು ನಿಮ್ಮ ವರದಿಯಲ್ಲಿ ಏನನ್ನೂ ಬರೆಯಲಾರರು, ಅಳಿಸಲೂ ಆರರು. ಮಾಹಿತಿ ಕಳಿಸುವುದು ಸಾಲ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ. ಆದ್ದರಿಂದ ವ್ಯವಹಾರವೆಲ್ಲ ಅವರ ಜೊತೆಗೇ ಇರಲಿ, ಅದೂ ಕಾಗದದ ಮೇಲೆ.

ಹಂತ 1: ವರದಿ ತರಿಸಿಕೊಳ್ಳಿ

ಸಾಲದ ಲೆಕ್ಕ ಇಡುವ ಕಂಪನಿಗಳು ದೇಶದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅವರವರ ವೆಬ್‌ಸೈಟಿನಲ್ಲಿ ಪ್ಯಾನ್ ನಂಬರು, ಮೊಬೈಲ್ ನಂಬರು ಕೊಟ್ಟರೆ ಸಿಗುತ್ತದೆ. ಸೈಬರ್ ಸೆಂಟರಿನಲ್ಲಿ ಮಾಡಿಸುವುದಾದರೆ ಪಕ್ಕದಲ್ಲೇ ಇರಿ, ಒಟಿಪಿಯನ್ನು ನೀವೇ ಒತ್ತಿ. "ದುಡ್ಡು ಕೊಡಿ, ಸ್ಕೋರ್ ಏರಿಸ್ತೀವಿ" ಎನ್ನುವವರನ್ನು ನಂಬಬೇಡಿ.

ಹಂತ 2: ಸಾಲು ಸಾಲಾಗಿ ಓದಿ

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಅದನ್ನು ನೋಡಿ ಗಾಬರಿಯಾಗದೆ ಕೆಳಗಿನ ಖಾತೆಗಳನ್ನು ಓದಿ.

• ಸಾಲ ಕೊಟ್ಟವರ ಹೆಸರು. ಗುರುತಿಲ್ಲದ ಹೆಸರಿದ್ದರೆ ಮೋಸ ಎಂದುಕೊಳ್ಳುವ ಮೊದಲು ಹಳೇ ಪಾಸ್‌ಬುಕ್ ತೆಗೆದು ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದವು. ನಮ್ಮ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಹಲವು ಬಾರಿ ವಿಲೀನಗೊಂಡು ಈಗ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿದ್ದರೆ ಆ ಕಂಪನಿಯ ಹೆಸರು ಬಂದಿರಬಹುದು.

• ನಿಮ್ಮ ಪಾತ್ರ. ನೆಂಟರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರೂ ಅದು ನಿಮ್ಮ ವರದಿಗೆ ಬರುತ್ತದೆ.

• ತಿಂಗಳ ಲೆಕ್ಕ. 000 ಎಂದರೆ ಬಾಕಿ ಇಲ್ಲ, 060 ಎಂದರೆ ಕಂತು 60 ದಿನ ತಡ.

• ಸ್ಥಿತಿ. "ರಿಟನ್ ಆಫ್" ಎಂದಿದ್ದರೆ ಸಾಲ ಮನ್ನಾ ಆಗಿದೆ ಎಂದಲ್ಲ. ಬ್ಯಾಂಕ್ ತನ್ನ ಪುಸ್ತಕದಲ್ಲಿ ಅದನ್ನು ನಷ್ಟಕ್ಕೆ ಹಾಕಿಕೊಂಡಿದೆ ಅಷ್ಟೇ, ವಸೂಲಿ ಮುಂದುವರಿಯುತ್ತದೆ. "ಸೆಟಲ್ಡ್" ಎಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದ ಸಾಲ. "ಕ್ಲೋಸ್ಡ್" ಎಂದರೆ ಪೂರ್ತಿ ತೀರಿದ್ದು.

ಹಂತ 3: ತಪ್ಪಿದ್ದರೆ ತಕರಾರು ಹಾಕಿ

ಸಾಲ ನಿಮ್ಮದೇ ಅಲ್ಲದಿದ್ದರೆ, ಅಥವಾ ತೀರಿಸಿದ್ದರೂ ಬಾಕಿ ತೋರಿಸುತ್ತಿದ್ದರೆ, ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ದಾಖಲಿಸಿ. ಇದಕ್ಕೆ ಶುಲ್ಕವಿಲ್ಲ. ಸಾಲ ಕೊಟ್ಟ ಶಾಖೆಗೂ ಒಂದು ಅರ್ಜಿ ಕೊಡಿ:

"ನನ್ನ ವರದಿಯಲ್ಲಿ ನಿಮ್ಮ ಬ್ಯಾಂಕಿನ ಸಾಲ ಖಾತೆ ಸಂಖ್ಯೆ ……ರಲ್ಲಿ ರೂ. …… ಬಾಕಿ ಎಂದು ತೋರಿಸುತ್ತಿದೆ. ಈ ಸಾಲವನ್ನು ದಿನಾಂಕ ……ರಂದು ಪೂರ್ತಿ ತೀರಿಸಿದ್ದೇನೆ. ರಸೀದಿಯ ನಕಲು ಲಗತ್ತಿಸಿದೆ. ದಾಖಲೆ ಪರಿಶೀಲಿಸಿ, ತಪ್ಪನ್ನು ಸರಿಪಡಿಸಿ, ಲಿಖಿತ ಉತ್ತರ ಕೊಡಬೇಕಾಗಿ ಕೋರಿಕೆ."

ಅರ್ಜಿಯ ನಕಲಿನ ಮೇಲೆ ಶಾಖೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ದೂರು 30 ದಿನದೊಳಗೆ ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಹಂತ 4: ಮನೆಗೆ ಬಂದವರ ಜೊತೆ ಹೀಗೆ ವ್ಯವಹರಿಸಿ

ಮೊದಲು ಗುರುತಿನ ಚೀಟಿ ಮತ್ತು ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಕೇಳಿ, ಎರಡರ ಫೋಟೊ ತೆಗೆದುಕೊಳ್ಳಿ. ಬ್ಯಾಂಕಿಗೆ ಫೋನ್ ಮಾಡಿ ಆ ಏಜೆನ್ಸಿ ಅವರದೇ ಹೌದೇ ಎಂದು ಖಚಿತಪಡಿಸಿಕೊಳ್ಳಿ.

ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿ ವಸೂಲಿಗೆ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ನಿಯಮ ಇನ್ನೂ ಬಿಗಿ: ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಆ ಸಾಲದ ಕಂತನ್ನು ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಮಾಡಬೇಕು. ಸಾಲಗಾರರು ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಯುವುದು, ಬೆದರಿಸುವುದು, ನೆಂಟರಿಗೆ, ಜೊತೆಗೆ ಕೆಲಸ ಮಾಡುವವರಿಗೆ ಫೋನ್ ಮಾಡಿ ಮಾನ ಕಳೆಯುವುದು ಎಲ್ಲವೂ ನಿಷಿದ್ಧ. ಹಾಗೆ ಮಾಡಿದರೆ ದಿನಾಂಕ, ವೇಳೆ, ನಂಬರು ಬರೆದಿಡಿ, ಕರೆ ರೆಕಾರ್ಡ್ ಮಾಡಿ. ಕೈ ಮಾಡಲು ಬಂದರೆ 112ಕ್ಕೆ ಫೋನ್ ಮಾಡಿ.

ರಸೀದಿ ಇಲ್ಲದೆ ನಗದು ಕೊಡಬೇಡಿ, ಏಜೆಂಟರ ಸ್ವಂತ ಫೋನ್‌ಪೇಗೂ ಹಾಕಬೇಡಿ. ಸಾಲದ ಖಾತೆಗೇ ನೇರವಾಗಿ ಕಟ್ಟಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಮಾಡಲೇಬೇಡಿ.

ಹಂತ 5: ಸಾಲ ನಿಜವಾಗಿದ್ದರೆ ಲೆಕ್ಕ ಕೇಳಿ, ದಾರಿ ಹುಡುಕಿ

ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಎಂದು ಬಿಡಿಸಿ ತೋರಿಸುವ ಸ್ಟೇಟ್‌ಮೆಂಟ್ ಕೇಳಿ. ಮಳೆ ಕೈಕೊಟ್ಟಿದ್ದರೆ, ಈರುಳ್ಳಿ ದರ ಬಿದ್ದಿದ್ದರೆ ಅದನ್ನು ಬರೆದು, ಕಂತಿನ ಅವಧಿ ಹೆಚ್ಚಿಸಲು ಕೋರಿ. ಒಂದೇ ಸಲ ಕಟ್ಟಿ ಮುಗಿಸುವ ಒಟಿಎಸ್‌ಗೆ ಒಪ್ಪುವ ಮೊದಲು ಮೊತ್ತ, ಕೊನೆಯ ದಿನಾಂಕ, ವರದಿಗೆ ಏನೆಂದು ಕಳಿಸುತ್ತಾರೆ ಎಂಬ ಮೂರನ್ನೂ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಒಟಿಎಸ್‌ನಲ್ಲಿ ಹೊರೆ ಇಳಿಯುತ್ತದೆ, ಆದರೆ "ಸೆಟಲ್ಡ್" ಎಂಬ ಗುರುತು ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಗುವುದಾದರೆ ಪೂರ್ತಿ ಕಟ್ಟಿ "ಕ್ಲೋಸ್ಡ್" ಮಾಡಿಸುವುದೇ ಮೇಲು.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಲೋಕ ಅದಾಲತ್ ಇದೆ. ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಇಲ್ಲವೇ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕೋರ್ಟುಗಳಲ್ಲಿರುವ ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಡಬಹುದು. ಕೇಸು ಹಾಕುವ ಮುಂಚೆಯೂ ರಾಜಿ ಮಾಡಿಸುತ್ತಾರೆ, ಶುಲ್ಕವಿಲ್ಲ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲವಾದ್ದರಿಂದ ಓದಿ, ತಿಳಿದು ಸಹಿ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವೂ ಉಚಿತ. ಸಹಾಯವಾಣಿ 15100.

ಹಂತ 6: ತೀರಿದ ಮೇಲೆ ಕಾಗದ ಬಿಡಬೇಡಿ

ಬೇಬಾಕಿ ಪತ್ರ ಪಡೆಯಿರಿ. ಅಡವಿಟ್ಟ ಆಸ್ತಿಯ ಮೂಲ ಪತ್ರಗಳನ್ನು 30 ದಿನದೊಳಗೆ ಮರಳಿಸಬೇಕು. ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವಿದೆ. ಬ್ಯಾಂಕುಗಳು ಈಗ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ವರದಿ ಕಂಪನಿಗಳಿಗೆ ಮಾಹಿತಿ ಕಳಿಸಬೇಕು. ಒಂದೆರಡು ತಿಂಗಳು ಬಿಟ್ಟು ವರದಿಯನ್ನು ಮತ್ತೆ ನೋಡಿ. ಸ್ಥಿತಿ ಬದಲಾಗಿರದಿದ್ದರೆ ಹಂತ 3ಕ್ಕೆ ಮರಳಿ.

ಹಂತ 7: ಯಾರೂ ಕೇಳದಿದ್ದರೆ ಮೇಲೆ ದೂರು ಕೊಡಿ

ಬ್ಯಾಂಕ್, ಫೈನಾನ್ಸ್ ಕಂಪನಿ ಅಥವಾ ವರದಿ ಕಂಪನಿ 30 ದಿನ ಉತ್ತರಿಸದಿದ್ದರೆ, ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448. ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಸಾಲದ ದೂರು ಇಲ್ಲಿಗೆ ಬರುವುದಿಲ್ಲ, ಅದಕ್ಕೆ ಸಹಕಾರ ಇಲಾಖೆಗೆ ಹೋಗಬೇಕು.

ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ನಂತರ ಅದನ್ನು ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ "ಕಾನೂನು ಬಂದಿದೆ, ಇನ್ನು ಕಟ್ಟಬೇಕಿಲ್ಲ" ಎನ್ನುವ ಮಾತನ್ನು ನಂಬಿ ಕಂತು ನಿಲ್ಲಿಸಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳ ಸಾಲವನ್ನು ಈ ಕಾನೂನು ರದ್ದು ಮಾಡುವುದಿಲ್ಲ.

ಸಾಲ ಮಾಡಿದವರು ಅಪರಾಧಿಗಳಲ್ಲ, ಸಾಲ ಕೊಟ್ಟವರು ಕೇಳುವುದೂ ತಪ್ಪಲ್ಲ. ಹೇಗೆ ಕೇಳಬೇಕು ಎಂಬುದಕ್ಕೆ ನಿಯಮವಿದೆ, ಹೇಗೆ ತೀರಿಸಬೇಕು ಎಂಬುದಕ್ಕೆ ದಾರಿಯಿದೆ. ರಸೀದಿ, ಅರ್ಜಿಯ ನಕಲು, ಬೇಬಾಕಿ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಮನೆಯವರಿಗೂ ಅದು ಎಲ್ಲಿದೆ ಎಂದು ಹೇಳಿಡಿ.