ಯೂರಿಯಾ ಲೆಕ್ಕದ ಕೆಳಗೆ ನನ್ನ ಬಿಎ

ನನ್ನ ಬಿಎ ಪದವಿಗೆ ಬಿದ್ದ ಖರ್ಚು 34,600 ರೂಪಾಯಿ. ಅಂದಾಜಲ್ಲ, ಬರವಣಿಗೆಯಲ್ಲಿದೆ. ಕಂಪ್ಲಿಯಲ್ಲಿ ಭತ್ತ ಬೆಳೆಯುತ್ತಿದ್ದ ಅಪ್ಪ ಗೊಬ್ಬರ, ನಾಟಿ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಬರೆದಿಡುತ್ತಿದ್ದ ಉದ್ದನೆಯ ಪುಸ್ತಕದಲ್ಲೇ ನನ್ನದನ್ನೂ ಬರೆದಿದ್ದಾರೆ: ಫೀ, ಹೊಸಪೇಟೆಯ ಬಸ್ ಪಾಸು, ಪರೀಕ್ಷೆ ಗೈಡು, ಒಂದು ಜೊತೆ ಚಪ್ಪಲಿ. 2005ರಿಂದ 2008ರವರೆಗೆ, ಯೂರಿಯಾ ಚೀಲಗಳ ಲೆಕ್ಕದ ಕೆಳಗೆ.

ಸಂಡೂರಿನ ಕಬ್ಬಿಣದ ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ ಅದು. ಅದಿರು ಲಾರಿಗಳ ಧೂಳಿಗೆ, ಹೊಸಪೇಟೆಯಲ್ಲಿ ಬಸ್ಸಿಳಿಯುವಷ್ಟರಲ್ಲಿ ಬಿಳಿ ಅಂಗಿ ಕೆಂಪಾಗಿರುತ್ತಿತ್ತು. ಹಿಸ್ಟರಿ, ಎಕನಾಮಿಕ್ಸ್, ಕನ್ನಡ ಸೇರಿದರೆ ನಮ್ಮ ಕಡೆ ಎಚ್‌ಇಕೆ. 'ಎಚ್‌ಇಕೆ ಓದಿ ಏನ್ ಮಾಡ್ತೀಯೋ? ಲಾರಿ ತಗೋ, ಎರಡು ವರ್ಷಕ್ಕ ರೊಕ್ಕ ವಾಪಸ್ ಬರ್ತೈತಿ' ಎಂದಿದ್ದ ಸಂಡೂರಿನಲ್ಲಿದ್ದ ದೊಡ್ಡಪ್ಪನ ಮಗ. ಅವನು ದೊಡ್ಡಮ್ಮನ ಬಂಗಾರ ಅಡವಿಟ್ಟು, ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಿ ಲಾರಿ ತಂದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತರೂ ಕಂತು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಫೈನಾನ್ಸಿನವರು ಬಂದು ಗಾಡಿ ಎಳೆದುಕೊಂಡು ಹೋದರು.

ಇಲ್ಲಿಗೇ ಕತೆ ಮುಗಿಸಿದರೆ ಬಿಎ ಗೆದ್ದ ಹಾಗೆ ಕಾಣುತ್ತದೆ. ಆದರೆ ಅಷ್ಟರಲ್ಲಿ ಅವನು ಆರ್‌ಸಿಸಿ ಮನೆ ಕಟ್ಟಿಸಿದ್ದ, ತಂಗಿಯ ಮದುವೆ ಮಾಡಿದ್ದ. ಅದೇ 2011ರಲ್ಲಿ ಪದವೀಧರನಾದ ನಾನು ಕಂಪ್ಲಿಯ ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದೆ.

ಹಾಗಾದರೆ ಸರಿಯಾದ ಲೆಕ್ಕ ಯಾವುದು? ಅಪ್ಪ ಬರೆಯದೇ ಬಿಟ್ಟದ್ದನ್ನೂ ಸೇರಿಸಬೇಕು. ಕಾಲೇಜು ಸೇರುವ ಹೊತ್ತಿಗೆ ಸಂಡೂರಿನ ಗಣಿಯೊಂದರ ತೂಕದ ಮನೆಯಲ್ಲಿ ಚೀಟಿ ಬರೆಯುವ ಕೆಲಸ ನನಗೆ ಸಿಗುತ್ತಿತ್ತು, ತಿಂಗಳಿಗೆ 3,500. ಮೂರು ವರ್ಷಕ್ಕೆ 1,26,000 ರೂಪಾಯಿ. ಕಾಲೇಜಿಗೆ ಹೋಗಿ ಅದನ್ನು ಬಿಟ್ಟುಕೊಟ್ಟೆ. ಅಲ್ಲಿಗೆ ಪದವಿಯ ಬೆಲೆ 1,60,600.

ಕೈ ಕಚ್ಚಿದ್ದು ಅದರ ನಂತರದ ಎರಡು ವರ್ಷ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಎಲ್ಲರಂತೆ ಧಾರವಾಡಕ್ಕೆ ಹೋದೆ. ರೂಮು, ಮೆಸ್ಸು, ಕೋಚಿಂಗು ಎಂದು ಅಪ್ಪ ತಿಂಗಳಿಗೆ 3,500 ಕಳಿಸಿದರು. ಎರಡು ವರ್ಷಕ್ಕೆ 84,000. ಪದವಿಗೆ ಕೈಯಿಂದ ಹಾಕಿದ್ದರ ಎರಡೂವರೆ ಪಟ್ಟಿನ ಹತ್ತಿರ. ಗಳಿಸದೇ ಬಿಟ್ಟ ಇನ್ನೊಂದು 84,000 ಬೇರೆ. ಬಿಎ ದುಬಾರಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದುಬಾರಿಯಾದದ್ದು ನೋಟಿಫಿಕೇಶನ್ ಕಾಯುವುದು.

2015ರಲ್ಲಿ ಪ್ರಥಮ ದರ್ಜೆ ಸಹಾಯಕನ, ಅಂದರೆ ಎಫ್‌ಡಿಎ ಹುದ್ದೆ ಸಿಕ್ಕಿತು. ಅದರಲ್ಲಿ ನನ್ನ ಜಾಣತನಕ್ಕಿಂತ ಊರಿನ ಪಾಲು ದೊಡ್ಡದು. ಸಂವಿಧಾನದ 371ಜೆ ವಿಧಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ನಮ್ಮವರಿಗೇ ಮೀಸಲು. ಪಿಯುಸಿಗೆ ದ್ವಿತೀಯ ದರ್ಜೆಯ ಎಸ್‌ಡಿಎ, ಡಿಗ್ರಿಗೆ ಎಫ್‌ಡಿಎ. 2018ರ ವೇತನ ಪರಿಷ್ಕರಣೆಯಲ್ಲಿ ಇವುಗಳ ಆರಂಭದ ಮೂಲ ವೇತನ 21,400 ಮತ್ತು 27,650 ಆಗಿತ್ತು. ಪದವಿ ತಂದ ವ್ಯತ್ಯಾಸ ತಿಂಗಳಿಗೆ 6,250, ವರ್ಷಕ್ಕೆ 75,000. ಧಾರವಾಡದ ಖರ್ಚು, ಆಗ ಗಳಿಸದೇ ಬಿಟ್ಟದ್ದು ಎರಡನ್ನೂ ಸೇರಿಸಿದರೆ ಹಾಕಿದ್ದು ವಾಪಸ್ ಬರಲು ಸುಮಾರು ನಾಲ್ಕೂವರೆ ವರ್ಷ. ಅವಿಲ್ಲದಿದ್ದರೆ ಎರಡು ವರ್ಷ ಚಿಲ್ಲರೆ. (ರೂಪಾಯಿಯ ಬೆಲೆ ಇಳಿದದ್ದನ್ನು ಹಿಡಿದಿಲ್ಲ, ಗೊಬ್ಬರದಂಗಡಿಯ ವರ್ಷಗಳನ್ನು ನೆನೆಯಲೂ ಮನಸ್ಸಿಲ್ಲ.) ಎಫ್‌ಡಿಎ ಪರೀಕ್ಷೆ ಬರೆಯಲು ಬಿಎಸ್ಸಿ, ಬಿಕಾಂ ಯಾವುದಾದರೂ ನಡೆಯುತ್ತದೆ. ಬಿಎಯ ಲಾಭ ಏನೆಂದರೆ, ಆ ಬಾಗಿಲು ದಾಟಲು ನನಗೆ ಸಿಕ್ಕ ಎಲ್ಲಕ್ಕಿಂತ ಸೋವಿ ಟಿಕೆಟ್ ಅದು.

ಹುದ್ದೆ ಸಿಗದವರು? ನನ್ನ ಪಕ್ಕ ಕೂರುತ್ತಿದ್ದವನು ಹಂಪಿಯಲ್ಲಿ ಗೈಡ್ ಆಗಿದ್ದಾನೆ. ಹಿಸ್ಟರಿ ಜೊತೆಗೆ ಹಿಂದಿ, ಇಂಗ್ಲಿಷ್ ಕಲಿತ. ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತು, 2017ರಲ್ಲಿ ಬಂದ ಐವತ್ತರ ನೋಟು ಕಿಸೆಯಿಂದ ತೆಗೆದು, ಅದರ ಹಿಂಬದಿಯ ರಥವನ್ನು ಎದುರಿನ ರಥಕ್ಕೆ ಹಿಡಿದು ತೋರಿಸುತ್ತಾನೆ. ಮಕ್ಕಳು ಹೋ ಎನ್ನುತ್ತಾರೆ. ಆ ನೋಟು ಮಾತ್ರ ಅವನು ಖರ್ಚು ಮಾಡುವುದಿಲ್ಲ, ಮಡಿಕೆ ಬೀಳದಂತೆ ಪ್ಲಾಸ್ಟಿಕ್ಕಿನಲ್ಲಿಟ್ಟಿದ್ದಾನೆ. ಚಳಿಗಾಲದಲ್ಲಿ ಅವನ ದುಡಿಮೆ ನನ್ನ ಸಂಬಳ ದಾಟುತ್ತದೆ. ಏಪ್ರಿಲ್, ಮೇನಲ್ಲಿ ಬಂಡೆ ಕಾದಾಗ ಚಹಾದ ಕಾಸೂ ಹುಟ್ಟುವುದಿಲ್ಲ. 2020ರ ಮಾರ್ಚ್‌ನಲ್ಲಿ ಸ್ಮಾರಕಗಳಿಗೆ ಬೀಗ ಬಿದ್ದಾಗ ಮನೆ ನಡೆಸಿದ್ದು ಒಂದೂವರೆ ಎಕರೆ ಬಾಳೆ ತೋಟ.

ಮೊನ್ನೆ ಕಂಪ್ಲಿಗೆ ಹೋದಾಗ ಪಕ್ಕದ ಮನೆಯವರು ಕೇಳಿದರು: 'ಅಣ್ಣಾ, ನಮ್ಮ ಹುಡುಗಿ ಬಿಎ ಸೇರ್ತೀನಿ ಅಂತಾಳ. ಸೇರಿಸ್ಲ್ಯಾ, ಬ್ಯಾಡಾ?' ಸೇರಿಸಿ ಅಂದೆ, ಸಾಲ ಮಾತ್ರ ಮಾಡಬೇಡಿ. ಮೊದಲ ವರ್ಷದಿಂದಲೇ ಇಂಗ್ಲಿಷೋ ಕಂಪ್ಯೂಟರೋ ಪಕ್ಕದಲ್ಲಿ ನಡೆಯಲಿ. ಬಿಎಡ್ ಮಾಡುವುದಿದ್ದರೆ ಅದರ ದುಡ್ಡು ಈಗಿನಿಂದಲೇ ತೆಗೆದಿಡಿ. ಡಿಗ್ರಿ ಮುಗಿದ ಮೇಲೆ ಪರೀಕ್ಷೆಗೆಂದು ಕಾಯುವುದು ಎರಡೇ ವರ್ಷ ಎಂದು ಅವಳ ಕೈಯಲ್ಲೇ ಕ್ಯಾಲೆಂಡರಿನ ಹಿಂದೆ ಬರೆಸಿ. ಕೆಲಸ ಸಿಗದ ಪದವೀಧರರಿಗೆ ಯುವನಿಧಿಯ ತಿಂಗಳ 3,000 ರೂಪಾಯಿಯನ್ನು ಸರ್ಕಾರ ಕೊಡುವುದೂ ಎರಡೇ ವರ್ಷ.